ಮೊಬೈಲಸ್ಥ ಕಾರ್ಯಪಟ್ಟಿ: ಒಂದು ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ಮೊದಲೇ ನಾಲ್ಕು ಸಂಗತಿ ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ: ವಿಷಯ ಯಾವುದು, ಓದಲು ಅಧಿಕಾರಿ ಯಾರು, ಸಂಬಂಧವೇನು, ಪ್ರಯೋಜನವೇನು. ಇಲ್ಲಿ ವಿಷಯ, ಮೈಕ್ರೋಸಾಫ್ಟ್ ಟು ಡು ಎಂಬ ಪುಕ್ಕಟೆ ಆ್ಯಪ್. ಅಧಿಕಾರಿ, ಗ್ಯಾಸ್ ಬುಕ್ ಮಾಡಬೇಕಿತ್ತೆಂದು ಒಲೆ ಆರಿದ ಮೇಲೆ ನೆನಪಾಗುವ ಸಾಮಾನ್ಯ ಗೃಹಸ್ಥ. ಸಂಬಂಧ, ಬೆರಳಿಗೂ ಗಾಜಿಗೂ ಇರುವಂಥದು. ಪ್ರಯೋಜನ ಪ್ರಬಂಧದ ಕೊನೆಗೆ ತಿಳಿದೀತು. ತಿಳಿಯದಿದ್ದರೆ ದೋಷ ಅಧಿಕಾರಿಯದು.

ಮೊದಲು ವಂಶಾವಳಿ. ಈ ಆ್ಯಪಿನ ಮೂಲಸ್ಥಾನ ಬರ್ಲಿನ್. ಅಲ್ಲಿ ಹುಟ್ಟಿದ ವಂಡರ್‌ಲಿಸ್ಟ್ ಎಂಬುದನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡುಕೊಂಡಿತು, 2017ರಲ್ಲಿ ಟು ಡು ಹೊರತಂದಿತು, 2020ರ ಮೇ ತಿಂಗಳಲ್ಲಿ ಹಳೆಯದರ ಬಾಗಿಲು ಮುಚ್ಚಿತು. ಅದೇ ಬರ್ಲಿನ್ನಿನಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ನಡೆಸಿದ ಪ್ರಯೋಗಗಳು 1927ರಲ್ಲಿ ಪ್ರಕಟವಾಗಿದ್ದವು. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ಬಿಟ್ಟದ್ದೇ ಹೆಚ್ಚು ನೆನಪಿರುತ್ತದೆ ಎಂಬುದು ಆಕೆ ಕಂಡ ಸತ್ಯ. ಬಿಲ್ಲು ಕೊಡುವ ತನಕ ಗಿರಾಕಿಯ ಆರ್ಡರನ್ನು ಅಕ್ಷರಶಃ ನೆನಪಿಟ್ಟುಕೊಂಡ ಹೋಟೆಲ್ ಮಾಣಿ, ದುಡ್ಡು ಕೈಸೇರಿದೊಡನೆ ಅದನ್ನು ಮರೆತುಬಿಡುವುದನ್ನು ಗಮನಿಸಿದ್ದೇ ಇದಕ್ಕೆಲ್ಲ ಪ್ರೇರಣೆ ಎಂಬ ಕತೆಯೂ ಇದೆ. ನಮ್ಮ ಉಡುಪಿ ಹೋಟೆಲುಗಳ ಮಾಣಿಗಳು ಈ ಸಿದ್ಧಾಂತವನ್ನು ಯಾವ ಪದವಿಯೂ ಇಲ್ಲದೆ ದಿನವಿಡೀ ಆಚರಿಸುತ್ತಿದ್ದರು. ಬೈಟು ಕಾಫಿ ಕೇಳಿ ಒಂದು ತಾಸು ಕೂತವರನ್ನು ಮಾತ್ರ ಬಿಲ್ಲಾದ ಮೇಲೂ ಮರೆಯುತ್ತಿರಲಿಲ್ಲ. ಅದರ ಕಾರಣ ಬೇರೆ.

ಅರ್ಧಕ್ಕೆ ಬಿಟ್ಟದ್ದು ತಾನಾಗಿ ನೆನಪಿರುವುದಾದರೆ ಆ್ಯಪ್ ಏಕೆ ಬೇಕು? ಇದು ಪೂರ್ವಪಕ್ಷ. ಸಮಾಧಾನ: ಝೈಗಾರ್ನಿಕ್ ಹೇಳಿದ್ದು ಶುರುಮಾಡಿ ಬಿಟ್ಟ ಕೆಲಸದ ಮಾತು. ನಮ್ಮ ಗೃಹಸ್ಥ ಶುರುವನ್ನೇ ಮಾಡಿರುವುದಿಲ್ಲ.

ಇನ್ನು ಲಕ್ಷಣ. ಕೆಲಸದ ಹೆಸರಿನ ಎಡಕ್ಕೊಂದು ಪುಟ್ಟ ವೃತ್ತ, ಬಲಕ್ಕೊಂದು ನಕ್ಷತ್ರ. ವೃತ್ತ ಒತ್ತಿದರೆ ‘ಟಿಂಗ್’ ಎಂಬ ನಾದ ಹೊರಟು ಕೆಲಸದ ಮೇಲೆ ಗೆರೆ ಬೀಳುತ್ತದೆ. ಈ ನಾದಕ್ಕಾಗಿಯೇ, ಮುಗಿದುಹೋದ ಕೆಲಸವನ್ನು ಪಟ್ಟಿಗೆ ಸೇರಿಸಿ ಆಮೇಲೆ ಒತ್ತುವ ಒಂದು ಸಂಪ್ರದಾಯ ಭಕ್ತರಲ್ಲಿ ಬೆಳೆದಿದೆ. ‘ಹಲ್ಲುಜ್ಜುವುದು’, ಟಿಂಗ್. ‘ಪೇಪರ್ ಓದುವುದು’, ಟಿಂಗ್. ಇದನ್ನು ಹೀಗಳೆಯಬಾರದು, ಬೆಳಿಗ್ಗೆ ಎಂಟರೊಳಗೆ ಇಷ್ಟು ಪುರುಷಾರ್ಥ ಸಾಧಿಸಿದವರು ಚರಿತ್ರೆಯಲ್ಲಿ ವಿರಳ. ನಕ್ಷತ್ರವಿರುವುದು ಮುಖ್ಯ ಕೆಲಸಗಳಿಗೆ. ನಮ್ಮವರು ಎಲ್ಲಕ್ಕೂ ಹಾಕುತ್ತಾರೆ.

‘ಮೈ ಡೇ’ ಎಂಬುದು ಇದರ ವೇದಾಂತ ಭಾಗ. ಇವತ್ತು ಮಾಡುವುದನ್ನು ಬೆಳಿಗ್ಗೆ ಆರಿಸಿ ಅದರಲ್ಲಿ ಹಾಕಬೇಕು. ನಡುರಾತ್ರಿಗೆ ಅದು ಖಾಲಿ. ಮಾಡದೆ ಉಳಿದ ಕೆಲಸ ನಾಶವಾಗುವುದಿಲ್ಲ. ತನ್ನ ಮೂಲ ಪಟ್ಟಿಯಲ್ಲಿ ಅಡಗಿದ್ದು ಮರುದಿನ ಸಲಹೆಯ ರೂಪದಲ್ಲಿ ಮತ್ತೆ ಹುಟ್ಟುತ್ತದೆ. ಪುನರ್ಜನ್ಮ ಒಪ್ಪದ ಚಾರ್ವಾಕರು ಈ ಆ್ಯಪ್ ಹಾಕಿಕೊಳ್ಳದಿರುವುದು ಲೇಸು.

ಗಡುವು ಗೊತ್ತುಮಾಡುವ ಕಡೆ ಇವತ್ತು, ನಾಳೆ, ಮುಂದಿನ ವಾರ ಎಂಬ ಆಯ್ಕೆಗಳು ಸಿದ್ಧವಾಗಿವೆ. ಇವುಗಳಲ್ಲಿ ನಡುವಿನದು ಅಮೆರಿಕದ ಶೋಧವೆಂದು ಯಾರೂ ಬೀಗುವಂತಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ, ರಾತ್ರಿ ಬಂದು ಹೆಸರು ಕೂಗುವ ದೆವ್ವಕ್ಕೆಂದು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಡುತ್ತಿದ್ದರು. ದೆವ್ವ ಓದಿಕೊಂಡು ವಾಪಸು ಹೋಗುವುದು, ಮರುದಿನ ಬಂದು ಮತ್ತೆ ಅದನ್ನೇ ಓದುವುದು. ಸಾಕ್ಷರ ದೆವ್ವ, ನಿಷ್ಠಾವಂತ ದೆವ್ವ. ವಿಮೆಯ ಕಂತನ್ನೂ ಇದೇ ವಿಧಿಯಿಂದ ಸಾಗಹಾಕಲು ಹೊರಟವರಿಗೆ ಒಂದು ಸೂಕ್ಷ್ಮ ವ್ಯತ್ಯಾಸ ತಡವಾಗಿ ಹೊಳೆಯುತ್ತದೆ: ದೆವ್ವ ಬಡ್ಡಿ ಕೇಳುತ್ತಿರಲಿಲ್ಲ. ಆ್ಯಪಾದರೋ ಗಡುವು ದಾಟಿದ ದಿನಾಂಕವನ್ನು ಕೆಂಪು ಮಾಡಿ ಸುಮ್ಮನಾಗುತ್ತದೆ. ಹತ್ತಾರು ಕೆಂಪು ಸಾಲುಗಳ ನಡುವೆ ಬಾಳಲು ಮನುಷ್ಯ ಬಲುಬೇಗ ಕಲಿಯುತ್ತಾನೆ.

ನಿಜವಾದ ಪರೀಕ್ಷೆ ನಡೆಯುವುದು ಒಂದೇ ಪಟ್ಟಿಯನ್ನು ಇಬ್ಬರು ಹಂಚಿಕೊಂಡಾಗ. ಮನೆಯಾಕೆ ಅಡುಗೆಮನೆಯಲ್ಲಿ ನಿಂತು ‘ತೊಗರಿಬೇಳೆ 1 ಕೆಜಿ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಕಾಲು ಕೆಜಿ’ ಎಂದು ಸೇರಿಸಿದರೆ, ದಿನಸಿ ಅಂಗಡಿ ಮುಂದಿರುವ ಗಂಡನ ಫೋನಿನಲ್ಲಿ ಅದು ಮೂಡುತ್ತದೆ. ಇಲ್ಲಿಯವರೆಗೆ ವಿಜ್ಞಾನದ್ದೇ ಜಯ. ಆದರೂ ಫೋನ್ ಬಂದೇ ಬರುತ್ತದೆ.

“ರೀ, ಲಿಸ್ಟ್ ನೋಡಿದ್ರಾ?”

“ನೋಡ್ದೆ ಕಣೇ, ಟಿಕ್ಕೂ ಮಾಡ್ದೆ.”

“ಟಿಕ್ ಮಾಡಿದ್ರೆ ಸಾಲ್ದು, ಚೀಲಕ್ಕೆ ಹಾಕಿಸ್ಕೊಳ್ಳಿ. ಹೋದ್ಸಲದ ಬೇಳೆ ಬೇಯ್ಲೇ ಇಲ್ಲ, ಬೇರೆ ಕೊಡೋಕೆ ಹೇಳಿ. ಹಾಗೇ ಕೊತ್ತಂಬ್ರಿ ತಗೊಳ್ಳಿ, ಕರಿಬೇವು ಸುಮ್ನೆ ಕೊಡ್ತಾನೆ, ಕೇಳಿ ಈಸ್ಕೊಳ್ಳಿ.”

ಸುಮ್ಮನೆ ಕೊಡುವ ಕರಿಬೇವಿಗೆ ಈ ಆ್ಯಪಿನಲ್ಲಿ ಅಂಕಣವಿಲ್ಲ. ಟಿಪ್ಪಣಿ ಬರೆಯಲು ಜಾಗವೇನೋ ಇದೆ. ‘ಹೋದ್ಸಲದ ಬೇಳೆ’ ಎನ್ನುವಾಗಿನ ಆ ದನಿ ಅದರಲ್ಲಿ ಹಿಡಿಸುವುದಿಲ್ಲ. ಕೆಲಸ ಆಗುವುದು ಬಹುಮಟ್ಟಿಗೆ ಆ ದನಿಯಿಂದಲೇ.

ಪ್ರತಿವಾದಿಯಾಗಿ ನಿಂತಿರುವುದು ಅಡುಗೆಮನೆ ಗೋಡೆಯ ಕ್ಯಾಲೆಂಡರ್. ಹಾಲು ಬಾರದ ದಿನಕ್ಕೊಂದು ಗೀಟು, ಸಿಲಿಂಡರ್ ಬದಲಿಸಿದ ದಿನಕ್ಕೊಂದು ಸೊನ್ನೆ. ರಾಹುಕಾಲ ಅಚ್ಚಾಗಿಯೇ ಬಂದಿರುತ್ತದೆ. ಚಾರ್ಜ್ ಬೇಡ, ಪಾಸ್‌ವರ್ಡ್ ಬೇಡ, ಮನೆಮಂದಿಗೆಲ್ಲ ಒಟ್ಟಿಗೆ ಕಾಣುತ್ತದೆ. ಆದರೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಲಾಗದು. ತಿಂಗಳಿಗೊಮ್ಮೆ ಬರುವ ಬಿಲ್ಲನ್ನು ಟು ಡುವಿನಲ್ಲಿ ಒಮ್ಮೆ ‘ರಿಪೀಟ್’ ಎಂದು ಹಾಕಿದರೆ, ಈ ತಿಂಗಳದ್ದು ಒತ್ತಿದೊಡನೆ ಮುಂದಿನದು ತಾನೇ ಬಂದು ಕೂರುತ್ತದೆ. ಕ್ಯಾಲೆಂಡರಿನ ಗುರುತುಗಳು ಡಿಸೆಂಬರ್ 31ಕ್ಕೆ ರದ್ದಿ ಸೇರುತ್ತವೆ.

ಈಗ ಸಿದ್ಧಾಂತ. ಕಟ್ಟಿದರೆ, ತಂದರೆ, ನುಂಗಿದರೆ ಮುಗಿಯುವ ಬಿಲ್ಲು, ದಿನಸಿ, ಮಾತ್ರೆಗಳ ಮಟ್ಟಿಗೆ ಈ ಆ್ಯಪ್ ಪ್ರಥಮ ದರ್ಜೆಯಲ್ಲಿ ಪಾಸು. ‘ತೂಕ ಇಳಿಸುವುದು’, ‘ಭಾವನ ಜೊತೆ ರಾಜಿ’ ಮುಂತಾದವುಗಳಲ್ಲಿ ನಪಾಸು. ಅಲ್ಲಿ ವೃತ್ತ ಒತ್ತುವ ಗಳಿಗೆಯೇ ಬರುವುದಿಲ್ಲ. ಪಟ್ಟಿಗೊಂದು ಬಣ್ಣ, ಬಣ್ಣಕ್ಕೊಂದು ಚಿತ್ರ ಆರಿಸುತ್ತ ಭಾನುವಾರ ಕಳೆಯುವವರು ಆ್ಯಪನ್ನು ಸಾಕುತ್ತಿದ್ದಾರೆಂದು ತಿಳಿಯತಕ್ಕದ್ದು. ಆಕ್ಷೇಪವಿರುವ ವಿದ್ವಾಂಸರು ಬರೆದು ತಿಳಿಸಬಹುದು. ಉತ್ತರ ಬರೆಯುವ ಕೆಲಸವನ್ನು ಪಟ್ಟಿಗೆ ಸೇರಿಸಿ ನಕ್ಷತ್ರವನ್ನೂ ಹಾಕಿಯಾಗಿದೆ.