ನಂದು ಎಂಟು, ನಿಮ್ದೆಷ್ಟು?

ಪಾರ್ಕಿನ ಕಲ್ಲುಬೆಂಚಿನ ಮೇಲೆ ಮೊದಲೆಲ್ಲ ಶುಗರ್ ನಂಬರ್ ಓಡ್ತಿತ್ತು. ಫಾಸ್ಟಿಂಗ್ ಎಷ್ಟು, ಊಟ ಆದ್ಮೇಲೆ ಎಷ್ಟು. ಈಗ ಹೊಸ ನಂಬರ್ ಬಂದಿದೆ, ಗಮನಿಸಿದ್ರಾ? ‘ನಂದು ಎಂಟು ರೀ, ನಿಮ್ದು?’ ‘ಹನ್ನೆರಡು!’ ಹಾಗೆ ಎದೆಯುಬ್ಬಿಸಿ ಹೇಳಿದೋರು ಯಾರು? ನೀವೇ. (ಆಚೆ ನೋಡ್ಬೇಡಿ.) ಅದು ಮಲಗಿದಾಗ ಮಾಸ್ಕಿನಿಂದ ಗಾಳಿ ಕೊಡೋ ಸಿಪ್ಯಾಪ್ ಮಷೀನಿನ ಪ್ರೆಶರ್ರು ಸ್ವಾಮಿ. ಜಾಸ್ತಿ ಇದ್ದೋರಿಗೆ ಯಾರೂ ಶಾಲು ಹೊದಿಸಲ್ಲ.

ಮಷೀನ್ ಮನೆಗೆ ಬಂದ ಕಥೆ ನಂಗೊತ್ತು. ಗೊರಕೆ ಹೊಡೀತೀರಿ ಅಂದ್ರೆ ಒಪ್ಪಲಿಲ್ಲ. ಮನೆಯವರು ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದ್ರೆ ‘ಇದು ಪಕ್ಕದ್ಮನೆಯವರದ್ದು’ ಅಂದ್ರಿ. ಸ್ಲೀಪ್ ಸ್ಟಡಿಗೆ ಹೋದಾಗ ‘ಇಷ್ಟು ವೈರ್ ಅಂಟಿಸಿದ್ರೆ ಯಾರಿಗ್ರೀ ನಿದ್ದೆ ಬರುತ್ತೆ?’ ಅಂತ ಟೆಕ್ನಿಷಿಯನ್ ಜತೆ ವಾದ ಮಾಡ್ತಾ ಮಾಡ್ತಾನೇ ಗೊರ್ರ್.

ರಿಪೋರ್ಟಲ್ಲಿ ಎಎಚ್‌ಐ 38. ಗಂಟೆಗೆ ಸರಾಸರಿ 38 ಸಲ ಉಸಿರು ನಿಂತಿದೆ, ಇಲ್ಲಾ ಅರೆಬರೆ ಆಗಿದೆ, ಒಂದೊಂದು ಸಲಕ್ಕೂ ಕಮ್ಮಿ ಅಂದ್ರೆ 10 ಸೆಕೆಂಡು. ಐದರೊಳಗಿದ್ರೆ ಪರವಾಗಿಲ್ಲ, 30 ದಾಟಿದ್ರೆ ಜೋರು ಅಂತ ಲೆಕ್ಕ. (ಇಲ್ಲೂ ಮೇಲಿನ ದರ್ಜೆಯೇ ಬೇಕಿತ್ತಾ ನಿಮಗೆ?)

ಡಾಕ್ಟರು ಅಳೆದೂ ಸುರಿದೂ ಎಂಟಕ್ಕೆ ಇಟ್ಟುಕೊಟ್ರು. ನಿಮಗೆ ಸಮಾಧಾನ ಆಗುತ್ತಾ? ಸ್ಕೂಟರ್ ಟೈರಿಗೆ ಗಾಳಿ ಹಿಡಿಸೋವಾಗ ‘ಇನ್ನೆರಡು ಜಾಸ್ತಿ ಹಾಕಪ್ಪ’ ಅನ್ನೋ ಬಾಯಿ ಅದು! ಟೈರಿನ ಒಂದು ಪಿಎಸ್‌ಐ ಇದೆಯಲ್ಲ, ಅದು ಸುಮಾರು 70 ಸೆಂಟಿಮೀಟರ್ ನೀರನ್ನ ಮೇಲೆತ್ತೋ ಗಾಳಿ. ನಿಮ್ಮ ಮಷೀನಿನ ಎಂಟು ಅಂದ್ರೆ ಬರೀ ಎಂಟು ಸೆಂಟಿಮೀಟರ್. ಮಲಗಿದಾಗ ಗಂಟಲ ಹಿಂದಿನ ಮೆತ್ತನೆ ಭಾಗ ಸಡಿಲಾಗಿ ದಾರಿ ಮುಚ್ಚದ ಹಾಗೆ ತಡೆಯೋದಷ್ಟೇ ಅದರ ಕೆಲಸ. ನಿಮ್ಮನ್ನ ಊದಿಸೋದಲ್ಲ.

ಸಿಡ್ನಿಯ ಕಾಲಿನ್ ಸುಲಿವನ್ ಅನ್ನೋ ಡಾಕ್ಟರು 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೇಲಿ ಇದನ್ನ ಮೊದಲು ಬರೆದಾಗ ಅವರ ಹತ್ರ ಇದ್ದದ್ದು ಐದೇ ಜನ ರೋಗಿಗಳು. ಎಲ್ಲರಿಗೂ ಕಾಯಿಲೆ ಜೋರಾಗೇ ಇತ್ತು. ನಾಲ್ಕೂವರೆಯಿಂದ ಹತ್ತರೊಳಗೆ ಅವರ ಗಂಟಲು ತೆರೆದುಕೊಳ್ತು. ನಿಮಗೆ ಮಾತ್ರ ಹನ್ನೆರಡೇ ಆಗ್ಬೇಕು! ಆಗಿನ ಕಾಲದವರು ಮಾಸ್ಕನ್ನ ಮುಖಕ್ಕೆ ಸಿಲಿಕೋನ್ ಹಾಕಿ ಅಂಟಿಸ್ಕೊಂಡು ಮಲಗ್ತಿದ್ರಂತೆ. ನೀವು ಪಟ್ಟಿ ಚುಚ್ಚುತ್ತೆ ಅಂತ ಗೊಣಗ್ತೀರಿ.

ಸರಿ, ಎಂಟು ಹನ್ನೆರಡಾಗಿದ್ದು ಹೇಗೆ? ಪ್ರೆಶರ್ ಬದಲಿಸೋ ಮೆನು ಡಾಕ್ಟರಿಗೆ ಅಂತ ಅಡಗಿಸಿಟ್ಟಿದ್ದು. ನಿಮ್ಮ ಭಾವಮೈದ ಯೂಟ್ಯೂಬ್ ನೋಡಿ ತೆಗೆದುಕೊಟ್ಟ. (ಮಿಕ್ಸಿ ರಿಪೇರಿ ಮಾಡಿ ಹಾಳು ಮಾಡಿದ್ದೂ ಅವನೇ ಅಲ್ವಾ?) ಮಾರನೇ ಬೆಳಿಗ್ಗೆ ಕಾಫಿಗೆ ಮೊದಲೇ ಢರ್ ಅಂತ ತೇಗು. ಗಂಟಲಿಗೆ ಹೋಗ್ಬೇಕಾದ ಗಾಳಿ ಹೊಟ್ಟೆ ಸೇರಿತ್ತು. ಪ್ರೆಶರ್ ಏರಿಸಿದಾಗ ಕೆಲವರಿಗೆ ಇನ್ನೊಂದು ತರಲೆ: ದಾರಿ ತೆರೆದೇ ಇರುತ್ತೆ, ಉಸಿರಾಡು ಅಂತ ಮೆದುಳೇ ಆರ್ಡರ್ ಕಳಿಸೋದು ಬಿಡುತ್ತೆ. ಅದಕ್ಕೆ ಹದಿನಾಲ್ಕು ಹಾಕಿದ್ರೂ ಪ್ರಯೋಜನ ಇಲ್ಲ.

ಅಸಲಿಗೆ ನೀವು ಯಾಕೆ ಏರಿಸಿದ್ರಿ? ಗಾಳಿ ಸಾಲ್ತಿಲ್ಲ ಅಂತ. ಸಾಲದೇ ಇದ್ದದ್ದು ಯಾಕೆ? ಸೋರ್ತಿತ್ತು. ಶನಿವಾರ ರಾತ್ರಿ ತಲೆಗೂ ಮುಖಕ್ಕೂ ಕೊಬ್ಬರಿಎಣ್ಣೆ ತಿಕ್ಕಿಕೊಂಡು ಮಾಸ್ಕ್ ಹಾಕಿದ್ರೆ ಆ ಸಿಲಿಕೋನ್ ಅಂಚು ಎಲ್ಲಿ ನಿಲ್ಲುತ್ತೆ? ಮೂಗಿನ ದಿಣ್ಣೆಯಿಂದ ಜಾರಿ, ಸುಯ್ ಅಂತ ಗಾಳಿ ನಿಮ್ಮ ಕಣ್ಣಿಗೇ ನುಗ್ತು. ನೀವು ಪ್ರೆಶರ್ ಏರಿಸಿದ್ರಿ, ಇನ್ನೂ ಜೋರಾಗಿ ಸೋರ್ತು. ಪಟ್ಟಿ ಬಿಗಿದ್ರಿ, ಕೆನ್ನೆ ಮೇಲೆ ಬರೆ ಬಿತ್ತು. ಮುಖ ತೊಳೆದು, ಆ ಅಂಚನ್ನ ಸೋಪಿನ ನೀರಲ್ಲಿ ತೊಳೆಯೋದು ಐದು ನಿಮಿಷದ ಕೆಲಸ. ಆದ್ರೆ ಅದರಲ್ಲಿ ಒತ್ತೋಕೆ ಬಟನ್ ಇಲ್ವಲ್ಲ, ಏನ್ ಮಜಾ?

ಇನ್ನು ಕಮ್ಮಿ ಮಾಡ್ಕೊಳ್ಳೋ ಪೈಕಿ ಇದ್ದಾರೆ. (ನಿಮ್ಮ ಷಡ್ಡಕರು, ಹೆಸರು ಬೇಡ.) ರ‍್ಯಾಂಪ್ ಅಂತ ಒಂದಿದೆ: ನಾಲ್ಕಕ್ಕೆ ಶುರುವಾಗಿ ಮೆಲ್ಲಗೆ ಏರುತ್ತೆ, ನಿದ್ದೆ ಹತ್ತೋವರೆಗೂ ಹಿಂಸೆ ಆಗ್ಬಾರ್ದು ಅಂತ. ಇವರು ಅದನ್ನ 45 ನಿಮಿಷಕ್ಕೆ ಇಟ್ಕೋತಾರೆ. ಇವರಿಗೆ ನಿದ್ದೆ ಬರೋದು ಐದೇ ನಿಮಿಷಕ್ಕೆ. ಉಳಿದ ನಲವತ್ತು ನಿಮಿಷ ಮಾಸ್ಕಿನೊಳಗೇ ಗೊರಕೆ ಕಛೇರಿ. ನಡುವೆ ಎಚ್ಚರ ಆದ್ರೆ ಮತ್ತೆ ರ‍್ಯಾಂಪ್ ಒತ್ತು, ಮತ್ತೆ ನಾಲ್ಕು!

ಆಟೋ ಮಷೀನ್ ಇದ್ದೋರಿಗೆ ಏರಿಸೋ ಇಳಿಸೋ ಕೆಲಸವೇ ಇಲ್ಲ, ಡಾಕ್ಟರು ಹಾಕಿದ ಗಡಿಯೊಳಗೆ ಅದೇ ನೋಡ್ಕೊಳ್ಳುತ್ತೆ. ಆದ್ರೂ ಬೆಳಿಗ್ಗೆ ಎದ್ದು ರಿಪೋರ್ಟ್ ಓದೋದು ಬಿಡ್ತೀರಾ? ‘95 ಪರ್ಸೆಂಟ್’ ಅಂತ ಕಂಡಿದ್ದೇ ತಡ, ಫ್ಯಾಮಿಲಿ ಗ್ರೂಪಿಗೆ ಫೋಟೋ. ಅತ್ತೆ ಕೈ ಮುಗಿದ್ರು, ಯಾರೋ ಕಂಗ್ರಾಟ್ಸ್ ಅಂದ್ರು. ಮಾರಾಯ್ರೇ, ಅದು ಮಾರ್ಕ್ಸ್ ಅಲ್ಲ! ರಾತ್ರಿಯ ನೂರರಲ್ಲಿ 95 ಪಾಲು ಹೊತ್ತು ಪ್ರೆಶರ್ ಯಾವ ನಂಬರ್ ದಾಟಲಿಲ್ಲವೋ ಆ ನಂಬರ್ ಪಕ್ಕದಲ್ಲಿದೆ. ನೋಡ್ಬೇಕಾದ್ದು ಎಎಚ್‌ಐ ಮತ್ತೆ ಸೋರಿಕೆ. ಅವೆರಡನ್ನೂ ಫೋಟೋದಲ್ಲಿ ಕ್ರಾಪ್ ಮಾಡಿದ್ರಿ.

ನಾಳೆ ಅಪಾಯಿಂಟ್‌ಮೆಂಟ್ ಇದೆ ತಾನೇ? ‘ಸೆಟ್ಟಿಂಗ್ ಏನಾದ್ರೂ ಮುಟ್ಟಿದ್ರಾ?’ ಅಂತ ಕೇಳ್ತಾರೆ. ‘ಛೆ ಛೆ, ನಾನ್ಯಾಕೆ ಮುಟ್ಲಿ ಡಾಕ್ಟ್ರೇ’ ಅಂತ ಈಗಲೇ ಪ್ರಾಕ್ಟೀಸ್ ಮಾಡ್ಬೇಡಿ. ಒಳಗಿನ ಚಿಕ್ಕ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದ್ರೆ ಯಾವ ರಾತ್ರಿಯಿಂದ ಹನ್ನೆರಡಾಯ್ತು ಅಂತ ಗ್ರಾಫೇ ಬಾಯಿ ಬಿಡುತ್ತೆ. ಪಕ್ಕದಲ್ಲಿ ಕೂತ ನಿಮ್ಮ ಮನೆಯವರಂತೂ ಗ್ರಾಫಿಗೂ ಕಾಯಲ್ಲ. ಭಾವಮೈದನ ಮೇಲೆ ಹಾಕೋಣ ಅಂತಿದ್ದೀರಾ? ಧಾರಾಳವಾಗಿ ಹಾಕಿ. ಅವನೂ ಹೊರಗೇ ಇರ್ತಾನೆ, ನಿಮ್ಮ ಮುಂದಿನ ಟೋಕನ್ ಹಿಡ್ಕೊಂಡು, ಕುರ್ಚೀಲೇ ಗೊರಕೆ ಹೊಡೀತಾ.