ಇಂಗಳೀಕ ಮೆತ್ತಿದ ಪುಟ

ಹತ್ತು ಗಂಟೆಗೆ ಜಗಲಿಯಲ್ಲಿ ನಿಂತು ಹಲ್ಲುಜ್ಜುವ ಹುಡುಗನ ಬಗ್ಗೆ ನೆರೆಮನೆಯವರಿಗೆ ಒಳ್ಳೆಯ ಅಭಿಪ್ರಾಯ ಇರುವುದಿಲ್ಲ. ಅವನ ಕಣ್ಣಂಚಿನಲ್ಲಿ ಹಿಂದಿನ ರಾತ್ರಿಯ ಕಾಡಿಗೆ ಉಳಿದಿದ್ದರಂತೂ ಕೇಳುವುದೇ ಬೇಡ. ನಾನು ತೆಂಕುತಿಟ್ಟು ಯಕ್ಷಗಾನದ ಸ್ತ್ರೀವೇಷದವನು. ಈಗ ಕಾಲಮಿತಿಯ ಆಟ ಬಂದು ನಡುರಾತ್ರಿಗೇ ಮಂಗಳ ಹಾಡಿದರೂ, ತೆಂಗಿನೆಣ್ಣೆಯಲ್ಲಿ ಬಣ್ಣ ತೆಗೆದು, ಪೆಟ್ಟಿಗೆ ಮುಚ್ಚಿ, ಮನೆ ಮುಟ್ಟುವಾಗ ಮೂರು ಗಂಟೆ. ಅಮ್ಮ ಮಾತ್ರ ಏನೂ ಕೇಳುವುದಿಲ್ಲ. ಎದ್ದ ಮೇಲೆ ನೀರುದೋಸೆ, ಕಾಯಿಬೆಲ್ಲ ಮುಂದಿಡುತ್ತಾಳೆ. ಹಿಂದಿನ ರಾತ್ರಿ ರಾಣಿಯಾಗಿದ್ದವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇನ್ನೆಲ್ಲೂ ಸಿಕ್ಕಿಲ್ಲ.

ನನ್ನ ಓದು ನಡೆಯುವುದು ವೇಷ ಕಟ್ಟುವ ಚೌಕಿಯಲ್ಲಿ. ಅಲ್ಲಿ ಯಾರ ಪೆಟ್ಟಿಗೆ ಎಲ್ಲಿ ಎಂಬುದು ವೇಷದ ಅಂತಸ್ತಿನ ಲೆಕ್ಕ. ಹುಡುಗರಾದ ನಮಗೆ ಸಿಗುವುದು ಗಾಳಿ ಬಾರದ ಮೂಲೆ. ಮುಖಕ್ಕೆ ಬಣ್ಣ ಹಚ್ಚಿ, ಸೀರೆ ಉಟ್ಟು, ರಂಗಕ್ಕೆ ಹೋಗುವ ಸರದಿಗಾಗಿ ಕಾಯುವ ಹೊತ್ತು ಸಣ್ಣದಲ್ಲ. ಒರಗಿದರೆ ಮುಡಿ ಕೆಡುತ್ತದೆ, ಮಲಗಿದರೆ ಮುಖ ಕೆಡುತ್ತದೆ. ಉಳಿದದ್ದು ನೆಟ್ಟಗೆ ಕುಳಿತು ಓದುವುದೊಂದೇ. ಹೊರಗಿನ ಚರುಮುರಿ ಗಾಡಿಯ ಈರುಳ್ಳಿ ವಾಸನೆ ಒಳಗೆ ಬರುತ್ತಿರುತ್ತದೆ. ತುಟಿಯ ಬಣ್ಣ ಹೋಗುತ್ತದೆಂದು ತಿನ್ನುವಂತಿಲ್ಲ. ಆಗ ಪುಟ ತಿರುವುತ್ತೇನೆ.

ಓದದೆ ನಮಗೆ ಗತಿಯೂ ಇಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ; ಅರ್ಥ ಹೇಳುವುದು ನಮ್ಮ ಬಾಯಿ, ನಮ್ಮ ಪಾಡು. ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಒಂದಿಷ್ಟು ಓದಿಕೊಂಡವನು ರಂಗದಲ್ಲಿ ತಡವರಿಸುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಓದಿದವನಿಗೆ ನಿಲ್ಲಿಸಲು ಬರುವುದಿಲ್ಲ ಎಂಬುದನ್ನು ನಾನೇ ಕಂಡುಕೊಂಡೆ.

ಆ ದಿನ ಬಭ್ರುವಾಹನ ಕಾಳಗ. ನನ್ನದು ಚಿತ್ರಾಂಗದೆ. ಮಗ ಕಟ್ಟಿಹಾಕಿದ ಯಜ್ಞದ ಕುದುರೆ ಅರ್ಜುನನದು, ಅವನೇ ನಿನ್ನ ತಂದೆ, ಹೋಗಿ ಒಪ್ಪಿಸು ಎಂದು ತಾಯಿ ಬುದ್ಧಿ ಹೇಳಬೇಕು. ಎರಡು ನಿಮಿಷದ ಮಾತು. ಹಿಂದಿನ ವಾರವೆಲ್ಲ ಲಕ್ಷ್ಮೀಶನ ಜೈಮಿನಿ ಭಾರತ ಓದಿದ್ದ ನಾನು ಪಿತೃಭಕ್ತಿಯಿಂದ ಹೊರಟು, ಕ್ಷತ್ರಿಯಧರ್ಮ ದಾಟಿ, ಗಂಡನನ್ನು ಕಾಣದೆ ಕಳೆದ ಹೆಣ್ಣಿನ ವರ್ಷಗಳಿಗೆ ಬಂದು ಮುಟ್ಟಿದ್ದೆ. ನನ್ನ ಮಾತಿಗೆ ನನ್ನ ಕಣ್ಣೇ ಒದ್ದೆಯಾಗಿತ್ತು. ಭಾಗವತರು ಜಾಗಟೆಗೆ ಒಂದು ಪೆಟ್ಟು ಕೊಟ್ಟರು. ನನಗದು ಮೆಚ್ಚುಗೆಯಂತೆ ಕೇಳಿಸಿತು. ಎರಡನೆಯ ಪೆಟ್ಟು ಸ್ವಲ್ಪ ಜೋರಾಗಿಯೇ ಬಿತ್ತು. ಬಭ್ರುವಾಹನ ಕೈ ಜೋಡಿಸಿ, "ಅಮ್ಮಾ, ಅಪ್ಪಣೆಯಾಗಲಿ. ಕುದುರೆಗೆ ಹುಲ್ಲು ಹಾಕದೆ ಬಹಳ ಹೊತ್ತಾಯಿತು" ಎಂದ. ಸಭೆಯಲ್ಲಿ ನಗೆ ಎದ್ದಿತು. ಅವನಿಗೆ ಬಿದ್ದ ಚಪ್ಪಾಳೆ ನನಗೆ ಆ ವರ್ಷವಿಡೀ ಬೀಳಲಿಲ್ಲ.

ಮೇಳದ ತಿರುಗಾಟ ಮುಗಿದು ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ. ಆಗಿನ ಓದಿಗೆ ಯಾವ ಉದ್ದೇಶವೂ ಇರುವುದಿಲ್ಲ, ಅದೇ ಅದರ ಸುಖ. ಹಂಚಿನ ಮೇಲೆ ಮಳೆ ಸುರಿಯುವಾಗ ಕಂಬಳಿ ಹೊದ್ದು ಮುದ್ದಣನ ರಾಮಾಶ್ವಮೇಧ ಹಿಡಿದರೆ ಕಥೆಗಿಂತ ಮನೋರಮೆಯ ಮಾತುಗಳನ್ನೇ ಹುಡುಕಿ ಓದುತ್ತೇನೆ. ಮುದ್ದಣ ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು, 1901ರಲ್ಲಿ 31ನೆಯ ವಯಸ್ಸಿಗೇ ತೀರಿಹೋದವರು, ಯಕ್ಷಗಾನ ಪ್ರಸಂಗಗಳನ್ನೂ ಬರೆದವರು. ಹಗಲೆಲ್ಲ ಹುಡುಗರಿಗೆ ಕವಾಯತು ಮಾಡಿಸಿದ ಗಂಟಲಿನಿಂದ ಮನೋರಮೆಯ ಆ ತುಂಟ ದನಿ ಹೇಗೆ ಹೊರಟಿತೋ! ಗಂಡ ಹೇಳುವ ಕಥೆಗೆ ನಡುನಡುವೆ ಕೊಕ್ಕೆ ಹಾಕುವ ಅಂಥ ಒಬ್ಬಳು ಆ ರಾತ್ರಿ ರಂಗದಲ್ಲಿದ್ದಿದ್ದರೆ ನನ್ನ ಚಿತ್ರಾಂಗದೆ ಬೇಗ ಚೌಕಿ ಸೇರುತ್ತಿದ್ದಳು.

ಜೈಮಿನಿ ಭಾರತ ನನ್ನದಲ್ಲ, ಗ್ರಂಥಾಲಯದ್ದು. ಹಿಂದಿರುಗಿಸುವ ದಿನ ಕಳೆದು ಎರಡು ತಿಂಗಳಾಗಿದೆ. ದಂಡ ಎಷ್ಟಾದರೂ ಕಟ್ಟುತ್ತೇನೆ. ಗ್ರಂಥಪಾಲಕರೇ, ಚಿತ್ರಾಂಗದೆಯ ಪುಟದಲ್ಲಿರುವ ಕೆಂಪು ಹೆಬ್ಬೆಟ್ಟು ರಕ್ತವಲ್ಲ, ವೇಷದ ಇಂಗಳೀಕ. ಉಜ್ಜಬೇಡಿ, ಹರಡುತ್ತದೆ.