ಮೂರೆಲೆ ಮಹಾತ್ಮೆ

“ಸ್ಟ್ಯಾಂಡ್ ಎಲ್ಲಿ?” ಎಂದು ಕೇಳಿದೆ. ಅಂಗಡಿಯ ಹುಡುಗ ನನ್ನನ್ನು ಕನಿಕರದಿಂದ ನೋಡಿದ. ಬೆಟ್ಟ ಹತ್ತುವ ಸೈಕಲ್ಲಿಗೆ ಸ್ಟ್ಯಾಂಡ್ ಇರುವುದಿಲ್ಲವಂತೆ. ಕ್ಯಾರಿಯರ್? ಇಲ್ಲ. ಮಡ್‌ಗಾರ್ಡ್, ಚೈನ್ ಕವರ್, ಬೆಲ್, ಬೀಗ? ಒಂದೂ ಇಲ್ಲ. ಬಗ್ಗಿ ನೋಡಿದರೆ ಪೆಡಲೂ ಇರಲಿಲ್ಲ. ದುಬಾರಿ ಸೈಕಲ್ಲುಗಳನ್ನು ಪೆಡಲ್ ಇಲ್ಲದೆ ಮಾರುವುದೇ ಪದ್ಧತಿ, ನಿಮಗೆ ಬೇಕಾದ್ದನ್ನು ಬೇರೆ ಕೊಳ್ಳಬೇಕು ಎಂದ. ತೀರ್ಥಹಳ್ಳಿಯಲ್ಲಿ ಅಪ್ಪನ ಅಟ್ಲಾಸ್ ಸೈಕಲ್ಲಿಗೆ ಇವೆಲ್ಲ ಇದ್ದವು. ಸಾಲದ್ದಕ್ಕೆ ಡೈನಮೋ ಇತ್ತು, ಹಿಂದಿನ ಚಕ್ರದ ನಡುವೆ ಬಣ್ಣದ ಕುಚ್ಚಿತ್ತು. ಇಲ್ಲಿ ಇಲ್ಲದ ಒಂದೊಂದು ಸಾಮಾನಿಗೂ ಬೆಲೆ ಹಾಕಿ ಬಿಲ್ ಕೈಗಿಟ್ಟರು. ಇದ್ದದ್ದು ಒಂದೇ ವಿಶೇಷ: ಹ್ಯಾಂಡಲ್ಲಿನ ಗುಂಡಿ ಒತ್ತಿದರೆ ಸೀಟು ಇಳಿಯುತ್ತದೆ, ಮತ್ತೆ ಒತ್ತಿದರೆ ಏರುತ್ತದೆ. ನಮ್ಮೂರ ಕ್ಷೌರದಂಗಡಿಯ ಕುರ್ಚಿಗೂ ಆ ಸೌಕರ್ಯವಿತ್ತು, ಅದಕ್ಕೆ ಯಾರೂ ಇಷ್ಟು ಕೇಳಿರಲಿಲ್ಲ.

ಅಮ್ಮನಿಗೆ ಇವತ್ತಿಗೂ ಬೆಲೆ ಹೇಳಿಲ್ಲ. ಹೆಂಡತಿ ಮೈಸೂರಿನವಳು, ಸೌಮ್ಯ ಸ್ವಭಾವ. ಬಿಲ್ ನೋಡಿ “ರೀ, ಇದು ಹಾಲು ತರಕ್ಕಾದ್ರೂ ಆಗತ್ತಾ?” ಎಂದಷ್ಟೇ ಕೇಳಿದಳು. ಕ್ಯಾರಿಯರ್ ಇಲ್ಲದ ಸೈಕಲ್ಲಿನಲ್ಲಿ ಹಾಲೂ ತರಲಾಗದು. ಸೊಪ್ಪಂತೂ ಆಗದು ಎಂಬುದು ಆಮೇಲೆ ಗೊತ್ತಾಯಿತು. ಆ ಕತೆಯೇ ಇದು.

ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋದಲ್ಲಿದ್ದುಕೊಂಡು ಬೆಟ್ಟದ ಸೈಕಲ್ಲು ಹೊಡೆಯದಿರುವುದೆಂದರೆ ಉಡುಪಿಯಲ್ಲಿದ್ದುಕೊಂಡು ಮಸಾಲೆ ದೋಸೆ ತಿನ್ನದಿದ್ದ ಹಾಗೆ ಎಂದು ತಲೆ ಕೆಡಿಸಿದವನು ಹಾಸನದ ಗೆಳೆಯ. ಅವನ ಮಾತಿನಲ್ಲಿ ಸ್ವಲ್ಪ ನಿಜವಿದೆ. ಇಲ್ಲಿಂದ ಉತ್ತರಕ್ಕೆ, ಗೋಲ್ಡನ್ ಗೇಟ್ ಸೇತುವೆಯ ಆಚೆ ಮರಿನ್ ಕೌಂಟಿಯಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿದೆ. 1976ರ ಅಕ್ಟೋಬರ್ 21ರಂದು ಅದರ ಪಕ್ಕದ ಗುಡ್ಡದ ಮಣ್ಣುದಾರಿಯಲ್ಲಿ ಒಂದಷ್ಟು ಹುಡುಗರು ದಪ್ಪ ಟೈರಿನ ಗುಜರಿ ಸೈಕಲ್ಲುಗಳನ್ನು ಪಂದ್ಯ ಕಟ್ಟಿ ಇಳಿಸಿದರು. ಸುಮಾರು 2 ಮೈಲಿಯೊಳಗೆ 1,300 ಅಡಿ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಚಕ್ರದ ಗ್ರೀಸೆಲ್ಲ ಸುಟ್ಟು ಹೊಗೆಯಾಡುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕಾಗಿದ್ದರಿಂದ ಪಂದ್ಯಕ್ಕೆ ರೀಪ್ಯಾಕ್ ಎಂದೇ ಹೆಸರಾಯಿತು. ಆ ಗುಂಪಿನ ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಇವರೆಲ್ಲ ಮುಂದೆ ಗುಜರಿ ಬಿಟ್ಟು ಹೊಸ ಸೈಕಲ್ಲುಗಳನ್ನೇ ಕಟ್ಟಿ ಮಾರಿದರು, ಜಗತ್ತಿಗೆಲ್ಲ ಈ ಹುಚ್ಚು ಹತ್ತಿಸಿದರು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಲಾರಿಯ ಬ್ರೇಕು ಸುಟ್ಟ ವಾಸನೆ ಕುಡಿದು ಬೆಳೆದ ನನಗೆ ಇದರಲ್ಲಿ ಅಂಥ ಹೊಸತೇನೂ ಕಾಣಲಿಲ್ಲ. ನಮ್ಮಲ್ಲಿ ಅದಕ್ಕೆ ಯಾರೂ ಹೆಸರಿಡಲಿಲ್ಲ, ಅಷ್ಟೇ.

ಮನೆಗೆ ಹತ್ತಿರದ ಕಾಡುದಾರಿ ಇರುವುದು ಪಕ್ಕದ ಬೆಲ್ಮಾಂಟ್ ಊರಿನಲ್ಲಿ. ಹೆಸರು ವಾಟರ್‌ಡಾಗ್ ಲೇಕ್. ಹೆಸರು ಕೇಳಿದ್ದೇ ಕುಣಿದಾಡಿಬಿಟ್ಟೆ. ವಾಟರ್‌ಡಾಗ್ ಅಂದರೆ ನೀರುನಾಯಿ ತಾನೇ! ತುಂಗೆಯ ಮಡುವಿನಲ್ಲಿ ಮೀನು ಕಚ್ಚಿ ಮೇಲೇಳುವ ನೀರುನಾಯಿಗಳನ್ನು ಬಂಡೆಯ ಮೇಲೆ ಕೂತು ನೋಡಿದ ಹುಡುಗ ನಾನು. ಮಗಳನ್ನು ಕೂರಿಸಿಕೊಂಡು ಅರ್ಧ ಗಂಟೆ ಭಾಷಣ ಬಿಗಿದೆ. ಅವಳು ಪಾಪ, ಪೂರ್ತಿ ಕೇಳಿಸಿಕೊಂಡು, “ಅಪ್ಪಾ, ವಾಟರ್‌ಡಾಗ್ ಅಂದ್ರೆ ನ್ಯೂಟ್. ಸಲಮಾಂಡರ್” ಎಂದಳು. ಹಲ್ಲಿಯಂಥ ಒಂದು ಗೇಣುದ್ದದ ಜೀವಿ: ಕಂದು ಬೆನ್ನು, ಕಿತ್ತಳೆ ಹೊಟ್ಟೆ. ಚರ್ಮದಲ್ಲಿ ವಿಷ. ಬೇಸಗೆಯೆಲ್ಲ ತರಗೆಲೆಯ ಕೆಳಗೆ, ಬಿಲಗಳಲ್ಲಿ ಬಿದ್ದುಕೊಂಡಿದ್ದು ಮಳೆ ಹನಿದ ಮೇಲೆ ನಿಧಾನಕ್ಕೆ ಕೆರೆಯ ಕಡೆ ನಡೆಯುತ್ತದೆ. ಶಬ್ದಶಃ ಅನುವಾದ ಮಾಡುವವರಿಗೆ ಆಗುವ ಶಾಸ್ತಿ ನನಗೆ ಮೊದಲ ದಿನವೇ ಆಯಿತು.

ಇಲ್ಲಿಯವರು ಶರತ್ಕಾಲವನ್ನು ಫಾಲ್ ಎನ್ನುತ್ತಾರೆ, ಎಲೆ ಬೀಳುವುದರಿಂದ. ಸೈಕಲ್ಲು ಹೊಡೆಯಲು ಶುರು ಮಾಡಿದ ಮೇಲೆ ಆ ಹೆಸರಿನ ಇನ್ನೊಂದು ಅರ್ಥವೂ ತಿಳಿಯಿತು. ಮೊದಲ ವಾರ ನಾಲ್ಕು ಸಲ, ಎರಡನೆಯ ವಾರ ಎರಡು ಸಲ ಬಿದ್ದೆ. ಪ್ರಗತಿ ಎಂದರೆ ಇದೇ.

ಬಿದ್ದರೂ ಚಿಂತೆಯಿಲ್ಲ, ಹೆದರಿಕೆ ಇದ್ದದ್ದು ಪ್ಯೂಮಾದ್ದು. ನಮ್ಮ ಕಡೆ ಕುರ್ಕ ಅಂದರೆ ಚಿರತೆ. ಇಲ್ಲಿನ ಕುರ್ಕನಿಗೆ ಚುಕ್ಕೆಯಿಲ್ಲ, ಮೈಯೆಲ್ಲ ಒಣಹುಲ್ಲಿನ ಬಣ್ಣ. ಕಾಡುದಾರಿಯ ಬಾಯಲ್ಲೇ ಅದರ ಬಗ್ಗೆ ಬೋರ್ಡು ನಿಲ್ಲಿಸಿರುತ್ತಾರೆ. ಓಡಬೇಡಿ. ಬಗ್ಗಬೇಡಿ. ಕೈಯೆತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಿ. ಗಟ್ಟಿಯಾಗಿ ಮಾತಾಡಿ. ಮೇಲೆ ಬಿದ್ದರೆ ತಿರುಗಿ ಹೊಡೆಯಿರಿ. ಇದೇ ಕ್ಯಾಲಿಫೋರ್ನಿಯಾದ ಮತದಾರರು 1990ರಲ್ಲಿ ವೋಟು ಹಾಕಿ ಅದರ ಬೇಟೆ ನಿಲ್ಲಿಸಿದವರು. ಹಾಗಾಗಿ ಹೊಡೆಯುವ ಹಕ್ಕು ಅದು ಮೊದಲು ಹೊಡೆದ ಮೇಲೆ ಮಾತ್ರ. ಪ್ಯೂಮಾ ಮನುಷ್ಯರ ಮೇಲೆ ಬೀಳುವುದು ತೀರಾ ಅಪರೂಪ ಎಂದೂ ಬೋರ್ಡಿನ ಕೆಳಗೆ ಬರೆದಿತ್ತು, ಸಣ್ಣ ಅಕ್ಷರದಲ್ಲಿ. ನಾನು ಓದಿದ್ದು ದಪ್ಪ ಅಕ್ಷರದ್ದನ್ನು ಮಾತ್ರ.

ಅಕ್ಟೋಬರಿನ ಒಂದು ಶನಿವಾರ ಗೆಳೆಯ ನನ್ನನ್ನು ಎಲ್ ಕೊರ್ತೆ ದೆ ಮದೇರಾ ಕಾಡಿಗೆ ಕರೆದೊಯ್ದ. ಸೈಕಲ್ಲುಗಳು ಕಾರಿನ ಬೆನ್ನೇರಿ ಬಂದವು. ಹೆಸರಿಗೆ ಸ್ಪ್ಯಾನಿಷ್‌ನಲ್ಲಿ ಮರ ಕಡಿಯುವುದು ಎಂದು ಅರ್ಥ. ಅರ್ಥಕ್ಕೆ ತಕ್ಕಂತೆ ಹಿಂದಿನ ಕಾಲದ ಗರಗಸದ ಮಿಲ್ಲುಗಳು ಇಲ್ಲಿನ ಹೆಮ್ಮರಗಳನ್ನೆಲ್ಲ ನುಂಗಿ ಹಾಕಿವೆ. ಈಗಿರುವುದು ಅವುಗಳ ಬುಡದಿಂದ ಚಿಗುರಿದ ಮಕ್ಕಳು. ಒಂದೊಂದು ಬೊಡ್ಡೆಯ ಸುತ್ತ ಐದಾರು ರೆಡ್‌ವುಡ್ ಮರಗಳು ಉರುಟಾಗಿ ನಿಂತಿರುತ್ತವೆ, ತಿಥಿ ಊಟಕ್ಕೆ ಸೇರಿದ ದಾಯಾದಿಗಳ ಹಾಗೆ. ಮಂಜು ಎಲೆಗೆ ತಾಗಿ ಮಳೆಯಂತೆ ತೊಟ್ಟಿಕ್ಕುತ್ತಿತ್ತು. ಒಂದು ಕಡೆ ‘ರೆಸಲ್ಯೂಶನ್ ಟ್ರೇಲ್’ ಎಂಬ ಬೋರ್ಡು ಕಂಡು, ಹೊಸ ವರ್ಷದ ಸಂಕಲ್ಪ ಮಾಡಿ ಮೂರೇ ದಿನಕ್ಕೆ ಬಿಟ್ಟವರ ದಾರಿಯೇನೋ ಎಂದು ನಕ್ಕೆ. ಗೆಳೆಯ ನಗಲಿಲ್ಲ. ಅದು ವಿಮಾನದ ಹೆಸರು. 1953ರ ಅಕ್ಟೋಬರ್ 29ರ ಬೆಳಿಗ್ಗೆ ಸಿಡ್ನಿ ಕಡೆಯಿಂದ ಬಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯಬೇಕಿದ್ದ ‘ರೆಸಲ್ಯೂಶನ್’ ಮಂಜಿನಲ್ಲಿ ಈ ಗುಡ್ಡಕ್ಕೆ ಬಡಿಯಿತು. ಇದ್ದ 19 ಜನರೂ ಸತ್ತರು, ಪಿಯಾನೋ ವಾದಕ ವಿಲಿಯಂ ಕಪೆಲ್ ಸೇರಿ. ಅವನಿಗೆ 31 ವಯಸ್ಸು. ಆ ದಾರಿ ಮುಗಿಯುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಮೌನ ಮುರಿದದ್ದು ಪೊದೆ. ಎಡಕ್ಕೆ ತರಗೆಲೆಯಲ್ಲಿ ಪರಕ್, ಪರಕ್ ಎಂದು ಭಾರದ ಹೆಜ್ಜೆಯ ಸದ್ದು. ನಿಲ್ಲುತ್ತದೆ, ಮತ್ತೆ ಪರಕ್. ಬೋರ್ಡು ಹೇಳಿದಂತೆ ದೊಡ್ಡದಾಗಿ ಕಾಣಲು ಸೈಕಲ್ಲನ್ನೇ ತಲೆಯ ಮೇಲೆತ್ತಿದೆ. ಗಟ್ಟಿಯಾಗಿ ಮಾತಾಡಬೇಕಲ್ಲ, ಯಾವ ಭಾಷೆಯಲ್ಲಿ? ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಮೀಟಿಂಗ್ ನಡೆಸಿದ ಬಾಯಿಂದ ಹೊರಟದ್ದು ತೋಟಕ್ಕೆ ನುಗ್ಗಿದ ದನ ಅಟ್ಟುವ “ಹ್ಯಾ! ಹ್ಯಾ!”. ಗೆಳೆಯ ಹಿಂದಿನಿಂದ “ಏಯ್, ಹೋಗತ್ಲಾಗೆ!” ಎಂದು ಗದರಿದ. ಪೊದೆಯಿಂದ ಹಾರಿ ಬಂದದ್ದು ಟೌಹಿ ಎಂಬ ಹಕ್ಕಿ. ಗುಬ್ಬಚ್ಚಿಗಿಂತ ತುಸು ದಪ್ಪ, ಕರಿಯ ತಲೆ, ಇಟ್ಟಿಗೆ ಬಣ್ಣದ ಪಕ್ಕೆ, ಕೆಂಡದಂಥ ಕಣ್ಣು. ಎರಡು ಕಾಲನ್ನೂ ಒಟ್ಟಿಗೆ ಹಿಂದಕ್ಕೆ ಕುಪ್ಪಳಿಸಿ ತರಗೆಲೆ ಕೆದರುತ್ತದೆ. ಹುಳ ಸಿಕ್ಕರೆ ತಿನ್ನುತ್ತದೆ, ಸಿಗದಿದ್ದರೆ ಇನ್ನೊಮ್ಮೆ ಪರಕ್. ನನ್ನನ್ನೂ ತಲೆಯ ಮೇಲಿದ್ದ ಸೈಕಲ್ಲನ್ನೂ ಒಂದು ಕ್ಷಣ ನೋಡಿ ಮತ್ತೆ ಕೆಲಸಕ್ಕೆ ಹತ್ತಿತು. ಅದೇ ಹೊತ್ತಿಗೆ ಎದುರಿನಿಂದ ಬಂದ ವಯಸ್ಸಾದ ದಂಪತಿ, ನಾನು ಅವರಿಗೆ ದಾರಿ ಬಿಡಲೆಂದೇ ಸೈಕಲ್ಲನ್ನು ಎತ್ತಿ ಹಿಡಿದಿರುವೆನೆಂದು ತಿಳಿದು ಥ್ಯಾಂಕ್ಸ್ ಹೇಳಿ ಹೋದರು. ಸೈಕಲ್ಲಿನವರು ನಡೆಯುವವರಿಗೆ ದಾರಿ ಬಿಡಬೇಕು, ಇಬ್ಬರೂ ಕುದುರೆಗೆ ಬಿಡಬೇಕು ಎಂಬುದು ಇಲ್ಲಿನ ನಿಯಮ. ಇಷ್ಟು ಮರ್ಯಾದೆಯಿಂದ ಬಿಟ್ಟವನನ್ನು ಅವರು ಕಂಡಿರಲಿಕ್ಕಿಲ್ಲ.

ಹುಳುವಿನ ವಿಷಯ ಮಾತ್ರ ನಿಯಮದಲ್ಲಿಲ್ಲ. ಮುಂದಿನ ತಿರುವಿನಲ್ಲಿ ದಾರಿಗಡ್ಡವಾಗಿ ಬನಾನಾ ಸ್ಲಗ್ ಮಲಗಿತ್ತು. ಚಿಪ್ಪಿಲ್ಲದ ಬಸವನಹುಳು. ಕಪ್ಪು ಚುಕ್ಕೆ ಬಿದ್ದು ಮಾಗಿದ ಏಲಕ್ಕಿ ಬಾಳೆಹಣ್ಣನ್ನು ಯಾರೋ ಬೀಳಿಸಿಕೊಂಡು ಹೋದಂತಿತ್ತು. ಸ್ಯಾಂಟಾ ಕ್ರೂಜ್‌ನ ವಿಶ್ವವಿದ್ಯಾಲಯದವರು ಇದನ್ನೇ ತಮ್ಮ ಲಾಂಛನ ಮಾಡಿಕೊಂಡಿದ್ದಾರೆ. ಬೇರೆ ಕಾಲೇಜುಗಳು ಹುಲಿ, ಕರಡಿ ಎಂದು ಬೀಗುವಾಗ ಹುಳುವನ್ನು ಹೊತ್ತು ಮೆರೆಸುವವರ ಬಗ್ಗೆ ನನಗೆ ಗೌರವವಿದೆ. ಮೊಣಕಾಲೂರಿ ನೋಡಿದೆ. ಅದರ ಬಲಮಗ್ಗುಲಲ್ಲಿ ಒಂದು ತೂತು, ಮೆಲ್ಲಗೆ ತೆರೆದು ಮೆಲ್ಲಗೆ ಮುಚ್ಚುತ್ತಿತ್ತು. ಅದರ ಮೂಗು ಅದೇ. ಮೇಲಿನಿಂದ ಮೂವರು ಹುಡುಗರು ಭರ್ರೆಂದು ಇಳಿದು ಬಂದರು. ಟ್ರಾಫಿಕ್ ಪೊಲೀಸನಂತೆ ಕೈ ಅಡ್ಡ ಹಿಡಿದೆ. ಒಂದು ಗೇಣು ದಾಟಲು ಅದು ನಾಲ್ಕು ನಿಮಿಷ ತೆಗೆದುಕೊಂಡಿತು. ಯಾರೂ ಹಾರ್ನ್ ಹಾಕಲಿಲ್ಲ, ಹಾಕಲು ಯಾರಲ್ಲೂ ಇರಲಿಲ್ಲ.

ಇನ್ನು ಮುಖ್ಯ ವಿಷಯ. ನವರಾತ್ರಿ. ಮೈಸೂರಿನವಳನ್ನು ಮದುವೆಯಾದ ಮೇಲೆ ಗೊಂಬೆ ಕೂರಿಸಲೇಬೇಕು. ಮೆಟ್ಟಿಲ ಕೆಳಗಿನ ಕಾಡಿಗೆ ಏನಾದರೂ ಸೊಪ್ಪು ತನ್ನಿ ಎಂದಿದ್ದಳು. ಸ್ಯಾನ್ ಮಟಿಯೋದ ಬೀದಿಗಳಲ್ಲಿ ನೆಟ್ಟ ಲಿಕ್ವಿಡಾಂಬರ್ ಮರಗಳು ಕೆಂಪಾಗುವುದು ನವೆಂಬರಿಗೆ. ಗುಡ್ಡಗಳೆಲ್ಲ ಒಣಗಿ ಕಂದು. ಸಂಜೆ ವಾಟರ್‌ಡಾಗ್ ಕೆರೆಯ ಮೇಲಿನ ದಾರಿಯಲ್ಲಿ ಹೋಗುತ್ತಿದ್ದೆ. ತಿರುವಿನಲ್ಲಿ ಮೂರು ಜಿಂಕೆ. ಒಂದಕ್ಕೆ ಕೋಡು, ಎರಡು ಹೆಣ್ಣು. ಕತ್ತೆಯಂಥ ಅಗಲ ಕಿವಿ, ಕಪ್ಪು ಬಾಲ. ಹತ್ತಡಿ ದೂರದಲ್ಲಿ ನಿಂತು ಒಂದು ಪೊದೆಯನ್ನು ಚಪ್ಪರಿಸಿ ಮೇಯುತ್ತಿದ್ದವು. ಪೊದೆಯೋ, ಕುಂಕುಮ ಚೆಲ್ಲಿದ ಹಾಗೆ ಕೆಂಪು! ಎಲೆಗೆ ಎಣ್ಣೆ ಸವರಿದಂಥ ಹೊಳಪು. ಹತ್ತಿರ ಹೋಗಿ ನೋಡಿದರೆ ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ.

ಮೂರೆಲೆ ಕಂಡರೆ ಬಿಲ್ವಪತ್ರೆ ಎಂದು ಕೈ ತಾನಾಗಿ ಮುಂದಕ್ಕೆ ಹೋಗುವ ಊರಿನವನು ನಾನು. ಕಾಡಿನ ಸೊಪ್ಪು ಕೀಳಬಾರದೆಂಬ ನಿಯಮ ಗೊತ್ತಿತ್ತು, ದೇವರ ಕೆಲಸಕ್ಕೆ ತಾನೇ ಎಂದು ಸಮಾಧಾನ ಮಾಡಿಕೊಂಡೆ. ದನ ತಿಂದದ್ದು ಜನಕ್ಕೆ ಕೇಡಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಜಿಂಕೆಯೂ ಒಂಥರಾ ದನವೇ. ನಾಲ್ಕು ಟೊಂಗೆ ಮುರಿದೆ. ಕ್ಯಾರಿಯರ್ ಇದ್ದಿದ್ದರೆ ಅದಕ್ಕೆ ಸಿಕ್ಕಿಸುತ್ತಿದ್ದೆ. ಇಲ್ಲವಲ್ಲ, ಕತ್ತಿನ ಹಿಂದೆ ಅಂಗಿಯ ಕಾಲರಿನೊಳಗೆ ತುರುಕಿಕೊಂಡು ಮನೆಯವರೆಗೆ ತುಳಿದೆ.

ಬಾಗಿಲು ತೆರೆದ ಮಗಳು ಕಿರುಚಿದಳು. “ಅಪ್ಪಾ! ಅದು ಪಾಯ್ಸನ್ ಓಕ್!” ಮೂರೆಲೆ ಕಂಡರೆ ಮುಟ್ಟಲೇಬೇಡ ಎಂಬ ಪದ್ಯವನ್ನು ಇಲ್ಲಿನ ಮಕ್ಕಳಿಗೆ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸುತ್ತಾರಂತೆ. ಹೆಂಡತಿ ಸೊಪ್ಪನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕೈ ತೂರಿಸಿ ಹಿಡಿದು ಕಸಕ್ಕೆ ಹಾಕಿದಳು. ಸೀತೆಯಾದರೋ ಮಾಯಾಜಿಂಕೆ ಬೇಕೆಂದಳು, ನೀವು ಅದು ಬಿಟ್ಟ ಎಂಜಲು ತಂದಿರಿ ಎಂದಳು. ನಾನು ಕೈ ತೊಳೆದೆ. ಕತ್ತು ತೊಳೆಯಬೇಕೆಂದು ಹೊಳೆಯಲಿಲ್ಲ.

ಎರಡನೆಯ ದಿನ ತುರಿಕೆ. ಮೂರನೆಯ ದಿನ ಕತ್ತಿನಿಂದ ಬೆನ್ನಿನವರೆಗೆ ಗುಳ್ಳೆ, ಮುಖ ಒಂದು ಕಡೆ ಊದಿ, ನಮ್ಮೂರ ಯಕ್ಷಗಾನದ ರಕ್ಕಸನ ಕಳೆ ಬಂತು. ಅಮ್ಮ ಫೋನಿನಲ್ಲಿ ಮುಖ ನೋಡಿ ಒಂದು ಕ್ಷಣವೂ ಯೋಚಿಸಲಿಲ್ಲ. “ಎಂತದೋ ಇದು? ಗೇರು ತಾಗಿದ್ದು. ಅಷ್ಟೂ ಗೊತ್ತಾಗಲ್ವಾ ನಿಂಗೆ?”

ಅಮ್ಮನಿಗೆ ಸಸ್ಯಶಾಸ್ತ್ರ ಗೊತ್ತಿಲ್ಲ. ಆದರೆ ಸಸ್ಯಶಾಸ್ತ್ರ ಹೇಳುವುದೂ ಅದನ್ನೇ. ಹೆಸರಿನಲ್ಲಿ ಓಕ್ ಇದ್ದರೂ ಇದು ಓಕ್ ಅಲ್ಲ. ಗೋಡಂಬಿ ಬಿಡುವ ಗೇರು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು, ಅಡಿಯಲ್ಲಿ ನಿಲ್ಲಬೇಡ ಎಂದು ಚಿಕ್ಕಂದಿನಲ್ಲಿ ಗದರಿಸಿಕೊಂಡ ಹೊಲಗೇರು, ಉಪ್ಪಿನಕಾಯಿಯ ಆಸೆಗೆ ತುಟಿ ಸುಟ್ಟುಕೊಳ್ಳುತ್ತಿದ್ದ ಅಪ್ಪೆಮಿಡಿಯ ಸೊನೆ, ಎಲ್ಲ ಒಂದೇ ವಂಶ. ಸುಡುವ ಎಣ್ಣೆಗೆ ಉರುಶಿಯೋಲ್ ಎಂದು ಹೆಸರು. ಜಪಾನಿನವರು ಮರದ ಪಾತ್ರೆಗೆ ಹೊಳಪು ಕೊಡುವ ಉರುಶಿ ಅರಗೂ ಅದೇ ವಂಶದ ಮರದ ಸೊನೆ. ಜಿಂಕೆಗೆ ಅದು ಏನೂ ಮಾಡುವುದಿಲ್ಲ. ಹದಿನಾಲ್ಕು ಸಾವಿರ ಕಿಲೋಮೀಟರ್ ದೂರ ಬಂದು ಪ್ಯೂಮಾಕ್ಕೆ ಹೆದರಿಕೊಂಡು ಓಡಾಡಿದವನನ್ನು ಹಿಡಿದದ್ದು ಊರಿನ ನೆಂಟರ ಕಡೆಯವನೇ. ಡಾಕ್ಟರು ಮುಲಾಮು, ಮಾತ್ರೆ ಎರಡೂ ಕೊಟ್ಟರು. ಆಫೀಸಿನಲ್ಲಿ ಲಿಫ್ಟ್ ಹತ್ತಿದರೆ ಉಳಿದವರು ಇಳಿದುಕೊಳ್ಳುತ್ತಿದ್ದರು. ಎರಡು ವಾರ ಒಬ್ಬನೇ ಮಹಾರಾಜನಂತೆ ಮೇಲೆ ಕೆಳಗೆ ಹೋಗಿ ಬಂದೆ.

ಇದರ ನಡುವೆ ಹಾಸನದ ಗೆಳೆಯ, ಹೆಂಗೂ ಸುಮ್ಮನೆ ನಿಂತೈತಲ್ಲ ಎಂದು ನನ್ನ ಸೈಕಲ್ಲು ಎರವಲು ಒಯ್ದ. ನಾಲ್ಕನೆಯ ದಿನ ಅವನ ಎರಡೂ ಅಂಗೈಯ ಫೋಟೋ ಬಂತು, ಕೆಳಗೆ ನಾನಿಲ್ಲಿ ಬರೆಯಲಾಗದ ಎರಡು ಮಾತು. ಆ ಎಣ್ಣೆ ಬಟ್ಟೆ, ಹ್ಯಾಂಡಲ್, ಎಲ್ಲಿ ತಾಗಿದರೂ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ.

ಸೈಕಲ್ಲು ಈಗ ಗ್ಯಾರೇಜಿನಲ್ಲಿ ಗೋಡೆಗೆ ಒರಗಿ ನಿಂತಿದೆ, ಸ್ಟ್ಯಾಂಡ್ ಇಲ್ಲವಲ್ಲ. ನೀವು ಸ್ಯಾನ್ ಮಟಿಯೋ ಕಡೆ ಬಂದರೆ ಧಾರಾಳವಾಗಿ ಒಯ್ಯಿರಿ. ಹ್ಯಾಂಡಲನ್ನು ಸೋಪು ಹಾಕಿ ಮೂರು ಸಲ ತೊಳೆದಿದ್ದೇನೆ. ಸೀಟಿನ ಬಗ್ಗೆ ಮಾತ್ರ ಖಾತ್ರಿ ಕೊಡಲಾರೆ.